ಹೊಕ್ಕುಳಬಳ್ಳಿಯ ತೆಂಗು

ಲಿಮೋನ್ ಪಟ್ಟಣದಿಂದ ಬರುವ ಬಸ್ಸು ನಮ್ಮೂರ ಕಡಲ ತಿರುವಿನಲ್ಲಿ ನಿಂತರೆ ಮೊದಲು ಇಳಿಯುವುದು ಚೀಲಗಳು, ಆಮೇಲೆ ಮನುಷ್ಯರು. ಒಂದೊಂದು ಚೀಲವೂ ಹೊತ್ತವರ ತಲೆಗಿಂತ ಎತ್ತರ. ಅದರ ಕೆಳಗೆ ಬಿಸಿಲಿಗೆ ಬೆಂದು ಕೆಂಪಾದ ಎರಡು ಕಾಲು. ಇಳಿದವರು ಕಡಲನ್ನು ಕಣ್ಣೆತ್ತಿ ನೋಡುವ ಮೊದಲೇ ಕೇಳುವ ಪ್ರಶ್ನೆ ಒಂದೇ: ಈ ಊರಲ್ಲಿ ಎಲ್ಲಕ್ಕಿಂತ ಅಗ್ಗದ ಜಾಗ ಯಾವುದು?

ತುಂಬಾ ಕಾಲ ಆ ಪ್ರಶ್ನೆಗೆ ಉತ್ತರ ನಮ್ಮ ಅಂಗಳವಾಗಿತ್ತು.

ಸರ್ಕಾರದ ಸ್ಪ್ಯಾನಿಷ್ ಫಲಕದಲ್ಲಿ ನಮ್ಮೂರು ಪುಯೆರ್ತೊ ಉವಾ. ಜಮೈಕಾದಿಂದ ಬಂದು ಇಲ್ಲಿ ರೈಲುಹಳಿ ಹಾಸಿ, ಆಮೆ ಹಿಡಿದು, ಕೋಕೋ ಬೆಳೆದ ಕರಿಯರ ಮಕ್ಕಳಾದ ನಮಗೆ ಅದು ಗ್ರೇಪ್ ಹಾರ್ಬರ್. ಮೊದಲು ಹೆಸರನ್ನು ತೆಗೆದುಕೊಳ್ಳುತ್ತಾರೆ, ಆಮೇಲೆ ನೆಲವನ್ನು. ಹೆಸರು ಹೋದಾಗ ನಾವು ನಕ್ಕು ಸುಮ್ಮನಾದೆವು. ಕರೆಯುವ ಬಾಯಿ ನಮ್ಮದೇ ಇದೆಯಲ್ಲ ಅಂದುಕೊಂಡೆವು.

ಅಂಗಳದಲ್ಲಿ ಕೋಣೆಗಳಿರಲಿಲ್ಲ. ಕಡಲಿಗೆ ಮುಖ ಮಾಡಿದ ತಗಡಿನ ಮಾಡು, ಅದರ ಕೆಳಗೆ ಸಾಲಾಗಿ ಕಟ್ಟಿದ ಜೋಲಿಗಳು, ಪಕ್ಕದಲ್ಲಿ ಕಟ್ಟಿಗೆ ಒಲೆ, ಮಳೆನೀರಿನ ಪೀಪಾಯಿ. ಹಿಂದೆ ಮರದ ಕಂಬಗಳ ಮೇಲೆ ನಿಂತ ನಮ್ಮ ಮನೆ. ಅದರಲ್ಲಿ ನಾನು ಮತ್ತು ಅಮ್ಮ. ನನ್ನ ಹೆಸರು ಇಸಿಲ್ಡಾ, ಊರಿಗೆಲ್ಲ ಸಿಲ್ಡಾ. ಅಮ್ಮನನ್ನು ಊರು ಮಿಸ್ ಎಡ್ಲಿನ್ ಅನ್ನುತ್ತದೆ. ಈ ಕರಾವಳಿಯ ಅರ್ಧ ಜನ ಭೂಮಿಗೆ ಬಂದಾಗ ಮೊದಲು ಮುಟ್ಟಿದ್ದು ಅವಳ ಕೈಯನ್ನು. ಅವಳು ಸೂಲಗಿತ್ತಿ.

ಬೆನ್ನುಚೀಲದವರು ಜೋಲಿಯಲ್ಲಿ ಮಲಗುತ್ತಿದ್ದರು. ಎರಡು ಬಾಳೆಹಣ್ಣಿನಲ್ಲಿ ಬೆಳಗು ಕಳೆದು, ಬಾಡಿಗೆ ಸೈಕಲ್ಲಿಗೂ ಚೌಕಾಸಿ ಮಾಡಿ, ಸಂಜೆಯಾದರೆ ಬಾರಿನ ಮುಂದಿನ ಮರಳಿನಲ್ಲಿ ಕುಣಿಯುತ್ತಿದ್ದರು. ತಾವು ಬಡವರು ಅಂತ ಹೇಳಿಕೊಳ್ಳುತ್ತಿದ್ದರು. ಅವರದು ರಜೆಯ ಬಡತನ. ಬಡತನವನ್ನು ಕೆಲವು ವಾರಕ್ಕೆ ಬಾಡಿಗೆ ಹಿಡಿದು, ಸಾಕಾದಾಗ ವಾಪಸು ಕೊಟ್ಟು ಹೋಗುವವರು. ಆದರೂ ನಮಗೆ ಅವರ ಮೇಲೆ ಸಿಟ್ಟಿರಲಿಲ್ಲ. ಮಕ್ಕಳ ಹಾಗೆ ಹಸಿದಿರುತ್ತಿದ್ದರು. ಭಾನುವಾರ ತೆಂಗಿನ ಹಾಲಿನಲ್ಲಿ ಕೆಂಪು ಕಾಳಿನ ಅನ್ನ ಬೇಯುವಾಗ ತಾವಾಗಿ ತಟ್ಟೆ ಹಿಡಿದು ನಿಲ್ಲುತ್ತಿದ್ದರು. ಅಮ್ಮ ಎಂದೂ ಯಾರಿಗೂ ಇಲ್ಲ ಅನ್ನಲಿಲ್ಲ.

ಸೆಲ್ವಿನ್ ಮಾತ್ರ ಬಸ್ಸು ಬಂದಾಗಲೆಲ್ಲ ಕಿಚಾಯಿಸುತ್ತಿದ್ದ. ಅವನು ಮೀನು ಹಿಡಿಯುವವನು, ನನ್ನ ಜೊತೆ ಶಾಲೆ ಕಲಿತವನು, ನಾಲಗೆಗೆ ಎಲುಬಿಲ್ಲದವನು.

"ನೋಡೇ ಸಿಲ್ಡಾ, ಬಂದ್ವು ನಿನ್ನ ಸೋಲ್ಜರ್ ಏಡಿಗಳು. ಬೆನ್ನ ಮೇಲೆ ಮನೆ, ಕೈಯಲ್ಲಿ ಕಾಸಿಲ್ಲ."

ನಮ್ಮ ಮರಳಿನಲ್ಲಿ ಹಾಗೊಂದು ಏಡಿ ಇದೆ. ಅದಕ್ಕೆ ತನ್ನದೇ ಆದ ಚಿಪ್ಪಿಲ್ಲ. ಒಳಗಿನ ಜೀವ ಸತ್ತು ಖಾಲಿಯಾದ ಶಂಖವನ್ನು ಹುಡುಕಿ, ಅದರೊಳಗೆ ಹೊಕ್ಕು, ಅದನ್ನೇ ಹೊತ್ತುಕೊಂಡು ತಿರುಗುತ್ತದೆ.

ಲೀಸ್ಬೆತ್ ಬಂದದ್ದೂ ಅದೇ ಬಸ್ಸಿನಲ್ಲಿ. ಹಾಲೆಂಡಿನವಳು, ಉದ್ದನೆಯ ಹೆಣ್ಣು, ನಗುವಾಗ ಇಡೀ ಮುಖ ನಗುತ್ತಿತ್ತು. ನಮ್ಮೂರಲ್ಲಿ ದಾರಿಯಲ್ಲಿ ಎದುರಾದವರಿಗೆ "ಓಕೆ" ಅನ್ನುವುದು ವಾಡಿಕೆ. ನಮಸ್ಕಾರವೂ ಅದೇ, ಹೋಗಿ ಬರುತ್ತೇನೆ ಅನ್ನುವುದೂ ಅದೇ. ಉಳಿದ ಬೆನ್ನುಚೀಲದವರು ಅದನ್ನು ಕೇಳಿ ತಬ್ಬಿಬ್ಬಾಗುತ್ತಿದ್ದರು, ತಾವು ಕೇಳದ ಪ್ರಶ್ನೆಗೆ ಯಾಕೆ ಉತ್ತರ ಕೊಡುತ್ತಾರೆ ಅಂತ. ಲೀಸ್ಬೆತ್ ಮಾತ್ರ ಬಂದ ದಿನ ಸಂಜೆಯೇ ಬೀದಿಯ ಮುದುಕರಿಗೆಲ್ಲ ಓಕೆ, ಓಕೆ ಅಂತ ಹೇಳಿಕೊಂಡು ಬಂದಳು. ಅಮ್ಮನಿಗೆ ಅವಳು ಅಂದೇ ಹಿಡಿಸಿದಳು.

ಹೋಗುತ್ತೇನೆ ಅಂದವಳು ಹೋಗಲಿಲ್ಲ. ವೀಸಾದ ಗಡುವು ಮುಗಿಯುವಾಗ ಗಡಿಯ ಸೇತುವೆ ದಾಟಿ ಪನಾಮಾಕ್ಕೆ ಹೋಗಿ, ಮುದ್ರೆ ಒತ್ತಿಸಿಕೊಂಡು, ಮತ್ತೆ ನಮ್ಮ ಜೋಲಿಗೇ ಬರುತ್ತಿದ್ದಳು. ಜೋಲಿಯ ಬಾಡಿಗೆಗೆ ಬದಲಾಗಿ ಒಲೆ ಊದಿದಳು, ಮೀನು ಹೆರೆದಳು, ನಮ್ಮ ಮಾತು ಕಲಿತಳು. ಬರೀ ಸ್ಪ್ಯಾನಿಷ್ ಅಲ್ಲ, ನಾವು ನಾವೇ ಆಡುವ, ಸರ್ಕಾರಿ ಜನಕ್ಕೆ ತಿಳಿಯದ, ನಮ್ಮ ಅಜ್ಜಂದಿರ ಮುರುಕು ಇಂಗ್ಲಿಷು. ನಮ್ಮ ಬೈಗುಳವನ್ನು ನಮ್ಮ ಹಾಗೆಯೇ ಬೈಯುತ್ತಿದ್ದಳು. ಅದನ್ನು ಕೇಳಿ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಒಬ್ಬರಿಗೆ ನಮ್ಮ ಭಾಷೆ ಕಲಿಸುವುದೆಂದರೆ ನಮ್ಮ ಮನೆಯ ಹಿಂಬಾಗಿಲನ್ನು ತೋರಿಸುವುದು ಅಂತ ಆಗ ಯಾರಿಗೆ ಹೊಳೆದೀತು?

ಮುಂದಿನ ವರ್ಷ ಅವಳು ಬಸುರಿಯಾದಳು. ಅಲೆಯ ಮೇಲೆ ಹಲಗೆ ಜಾರಿಸಲು ಬಂದಿದ್ದ ಒಬ್ಬ ಹುಡುಗನ ಮಗು. ವಿಷಯ ತಿಳಿದ ವಾರದಲ್ಲೇ ಅವನು ಇದಕ್ಕಿಂತ ದೊಡ್ಡ ಅಲೆ ಹುಡುಕಿಕೊಂಡು ನಿಕರಾಗುವಾ ಕಡೆಗೆ ಹೋದ. ಲೀಸ್ಬೆತ್ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ನಾನು ಅವಳ ಕೂದಲು ಬಾಚಿದೆ.

ಹೆರಿಗೆಯ ದಿನ ಹೊಳೆ ಉಕ್ಕಿ ಲಿಮೋನ್ ರಸ್ತೆ ಮುಳುಗಿತ್ತು. ಆಸ್ಪತ್ರೆಯ ಮಾತೇ ಇಲ್ಲ. ನಡುಮಧ್ಯಾಹ್ನ, ತಗಡಿನ ಮೇಲೆ ಮಳೆ ಕಲ್ಲು ಸುರಿದ ಹಾಗೆ ಸುರಿಯುತ್ತಿರುವಾಗ, ಅಮ್ಮ ನಮ್ಮ ಮನೆಯ ನಡುಕೋಣೆಯಲ್ಲಿ ಆ ಮಗುವನ್ನು ಹಿಡಿದಳು. ಹೆಣ್ಣು. ಲೀಸ್ಬೆತ್ ಅದಕ್ಕೆ ಕೋರಲ್ ಅಂತ ಹೆಸರಿಟ್ಟಳು. ಅಮ್ಮ ಅದನ್ನು ಕರೆದದ್ದು ಮರಿಮೀನು ಅಂತಲೇ.

ನಮ್ಮಲ್ಲಿ ಮಗು ಹುಟ್ಟಿದರೆ ಅದರ ಹೊಕ್ಕುಳಬಳ್ಳಿಯನ್ನು ಅಂಗಳದಲ್ಲಿ ಹೂತು ಮೇಲೊಂದು ತೆಂಗಿನ ಸಸಿ ನೆಡುತ್ತಾರೆ. ಆ ಮರ ಆ ಮಗುವಿನದು. ಮರದ ನೆರಳು ಬೀಳುವಷ್ಟು ನೆಲವೂ ಮಗುವಿನದು. ಅದಕ್ಕೆ ಕಾಗದವಿಲ್ಲ, ಸೂಲಗಿತ್ತಿಯ ಬಾಯಿಮಾತೇ ಕಾಗದ. ಮರ ಮೊದಲ ಸಲ ಫಲ ಬಿಟ್ಟಾಗ ಮೊದಲ ಎಳನೀರು ಸೂಲಗಿತ್ತಿಯ ಬಾಯಿಗೆ ಹೋಗಬೇಕು. ಹೋಗದಿದ್ದರೆ ಅದು ಬರೀ ಮರ, ಯಾರು ಬೇಕಾದರೂ ಕಡಿಯಬಹುದು.

ಅಮ್ಮ ಬಳ್ಳಿಯನ್ನು ಬಟ್ಟೆಯಲ್ಲಿ ಸುತ್ತಿ ತಂದಳು. ನಾನು ಗುಂಡಿ ತೋಡಿದೆ. ಮೀನು ಕೊಡಲು ಬಂದಿದ್ದ ಸೆಲ್ವಿನ್ ನೋಡುತ್ತ ನಿಂತ.

"ಮಿಸ್ ಎಡ್ಲಿನ್, ಹೊರಗಿನವರ ಬಳ್ಳಿ ನಮ್ಮ ನೆಲದಲ್ಲಿ ಯಾಕೆ? ನಾಳೆ ಚೀಲ ಎತ್ಕೊಂಡು ಹೋಗೋರು."

"ಹುಟ್ಟಿದ ಜಾಗದಲ್ಲಿ ಹೂಳದೆ ಇನ್ನೇನು, ಅಂಚೆಗೆ ಹಾಕ್ಲಾ?" ಅಂದಳು ಅಮ್ಮ.

ಸೆಲ್ವಿನ್‌ಗೂ ನಗು ಬಂತು. ಲೀಸ್ಬೆತ್ ಮಗುವನ್ನು ಎದೆಗೆ ಒತ್ತಿಕೊಂಡು ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಅಮ್ಮ ಮಣ್ಣು ಮುಚ್ಚಿ, ಪದ್ಧತಿಯ ಮಾತು ಹೇಳಿದಳು: ಇದು ನಿನ್ನ ಮರ, ಇದರ ನೆರಳು ನಿನ್ನ ನೆಲ, ಎಲ್ಲಿಗೆ ಹೋದರೂ ಇಲ್ಲಿಗೆ ಬಾ. ಲೀಸ್ಬೆತ್ ಅದರ ಅರ್ಥವನ್ನು ಎರಡು ಸಲ ಕೇಳಿ ತಿಳಿದುಕೊಂಡಳು. ನೆರಳು ಅಂದರೆ ಎಷ್ಟು ಅಂತಲೂ ಕೇಳಿದಳು. ನಾವು ನಕ್ಕೆವು.

ಇಲ್ಲಿ ಹುಟ್ಟಿದ ಮಗುವಿನ ತಾಯಿಗೆ ಇಲ್ಲಿ ಇರುವ ಹಕ್ಕು ಸಿಗುತ್ತದೆ. ಲೀಸ್ಬೆತ್ ಮುದ್ರೆಗಾಗಿ ಪನಾಮಾ ಸೇತುವೆ ದಾಟುವುದು ನಿಂತಿತು. ಅವಳ ಚೀಲ ನಮ್ಮ ಅಟ್ಟ ಸೇರಿತು. ಅದರ ಮೇಲೆ ಬೆಕ್ಕು ಮರಿ ಹಾಕಿತು.

ಆಮೇಲಿನ ವರ್ಷಗಳಲ್ಲಿ ಅಂಗಳ ಬೆಳೆಯಿತು. ಲೀಸ್ಬೆತ್ ಅಂತರ್ಜಾಲದಲ್ಲಿ ಅದಕ್ಕೆ "ಗ್ರ್ಯಾನಿ ಅಂಗಳ" ಅಂತ ಹೆಸರಿಟ್ಟು, ತಲೆಗೆ ವಸ್ತ್ರ ಕಟ್ಟಿದ ಅಮ್ಮನ ಚಿತ್ರ ಹಾಕಿದಳು. ಬಸ್ಸಿನಿಂದ ಇಳಿದವರು ಈಗ ಅಗ್ಗದ ಜಾಗ ಯಾವುದು ಅನ್ನುತ್ತಿರಲಿಲ್ಲ, ಗ್ರ್ಯಾನಿ ಎಲ್ಲಿ ಅನ್ನುತ್ತಿದ್ದರು. ತನ್ನ ಅಪ್ಪ ಕಳಿಸಿದ ಹಣದಿಂದ ಲೀಸ್ಬೆತ್ ಸಿಮೆಂಟಿನ ಅಡುಗೆಮನೆ ಕಟ್ಟಿಸಿದಳು, ಬಚ್ಚಲು ಕಟ್ಟಿಸಿದಳು, ಒಂದರ ಮೇಲೊಂದು ಹಾಸಿಗೆಗಳ ಉದ್ದ ಕೋಣೆ ಕಟ್ಟಿಸಿದಳು. ನಮ್ಮ ಮನೆಯ ಮಗಳು ಮನೆಗೆ ಮಾಡುತ್ತಿದ್ದಾಳೆ ಅಂದುಕೊಂಡೆವು. ಮಗಳಿಗೆ ಯಾರಾದರೂ ಕರಾರು ಬರೆಸುತ್ತಾರೆಯೇ?

ಅಂಗಳದಲ್ಲಿ ನಮ್ಮ ಮರಗಳೂ ಇದ್ದವು. ಅಮ್ಮನದು ನಾನು ಚಿಕ್ಕವಳಿರುವಾಗಲೇ ಸಿಡಿಲಿಗೆ ಸುಟ್ಟಿತ್ತು. ಹಡಗಿನ ಕೆಲಸಕ್ಕೆ ಹೋಗಿ ಅಲ್ಲೇ ತೀರಿಕೊಂಡ ನನ್ನ ಅಣ್ಣ ಆಲ್ರಿಕ್‌ನ ಮರವನ್ನು ಕಡಲು ಒಂದು ಮಳೆಗಾಲದಲ್ಲಿ ಬುಡ ಸಮೇತ ಎಳೆದುಕೊಂಡಿತು. ಕೊನೆಗೆ ಉಳಿದದ್ದು ನನ್ನ ಮರ ಮತ್ತು ಕೋರಲ್‌ಳ ಎಳೆ ಗಿಡ.

ಒಂದು ದಿನ ನನ್ನ ಮರದಿಂದ ಕಾಯಿ ಬಿದ್ದು ಒಂದು ಜೋಲಿ ಹರಿಯಿತು. ಜೋಲಿಯಲ್ಲಿ ಯಾರೂ ಇರಲಿಲ್ಲ. ಆದರೂ ಲೀಸ್ಬೆತ್ ಹೆದರಿ ಬಿಳಿಚಿಕೊಂಡಳು. ಯಾರದಾದರೂ ತಲೆ ಒಡೆದರೆ ಅಂಗಳ ಮುಚ್ಚಿದ ಹಾಗೆಯೇ ಅಂದಳು. ಜಗತ್ತಿಗೆಲ್ಲ ಬರೆದು ಹಾಕುತ್ತಾರೆ, ಒಬ್ಬರೂ ಬರುವುದಿಲ್ಲ ಅಂದಳು. ಕಾಯಿ ಮಾತ್ರ ಕಿತ್ತುಹಾಕೋಣ ಅಂದೆ. ಪ್ರತಿ ತಿಂಗಳೂ ಯಾರು ಹತ್ತುತ್ತಾರೆ ಅಂದಳು. ವಾರಗಟ್ಟಲೆ ಅದೇ ಮಾತು. ಕೊನೆಗೊಂದು ಬೆಳಿಗ್ಗೆ ನನ್ನ ಕೈ ಹಿಡಿದುಕೊಂಡು ಅತ್ತಳು. ಮಗುವೂ ಅದರ ಕೆಳಗೇ ಆಡುತ್ತದಲ್ಲ ಸಿಲ್ಡಾ ಅಂದಳು. ಆ ಮಾತಿಗೆ ನಾನು ಕರಗಿದೆ.

ಕಡಿದದ್ದು ಸೆಲ್ವಿನ್. ಕೊಡಲಿ ಎತ್ತುವ ಮೊದಲು ಮರಕ್ಕೆ "ಓಕೆ" ಅಂದ. ಬಿದ್ದ ಕಾಂಡವನ್ನು ಲೀಸ್ಬೆತ್ ಸೀಳಿಸಿ, ನೀಲಿ ಬಣ್ಣ ಬಳಿಸಿ, ಕಡಲಿಗೆ ಮುಖ ಮಾಡಿ ಬೆಂಚು ಮಾಡಿಸಿದಳು. ಬಂದವರೆಲ್ಲ ಅದರ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಎಷ್ಟೋ ದೇಶದ ಜನ ನನ್ನ ಮರದ ಮೇಲೆ ಕೂತು ನಕ್ಕಿದ್ದಾರೆ.

ಈ ದೇಶದಲ್ಲಿ ಕಡಲಂಚಿನ ನೆಲ ಯಾರ ಸ್ವಂತದ್ದೂ ಅಲ್ಲ. ನೀರಿನ ಪಕ್ಕದ ಪಟ್ಟಿ ಎಲ್ಲರದು. ಅದರ ಹಿಂದಿನದನ್ನು ಸರ್ಕಾರಿ ಕಚೇರಿಯವರು ಯಾರಿಗೆ ಬಿಟ್ಟುಕೊಡುತ್ತಾರೋ ಅವರು ಅನುಭವಿಸಬೇಕು. ನಮ್ಮಜ್ಜ ಇಲ್ಲಿ ಗುಡಿಸಲು ಹಾಕಿದಾಗ ಈ ನೆಲವನ್ನು ಕೇಳುವವರೇ ಇರಲಿಲ್ಲ, ಇಲ್ಲಿ ಸೊಳ್ಳೆ ಮತ್ತು ಜ್ವರ ಮಾತ್ರ ಇತ್ತು. ಈಗ ಕೇಳುವವರು ಬಂದಿದ್ದರು. ಕಡಲಂಚಿನ ಅಂಗಳದವರೆಲ್ಲ ತಮ್ಮ ತಮ್ಮ ಹಕ್ಕು ಹೇಳಿಕೊಳ್ಳಬೇಕು, ಅಧಿಕಾರಿ ಬಂದು ಕಣ್ಣಾರೆ ನೋಡಿ ಯಾರಿಗೆ ಅಂತ ತೀರ್ಮಾನಿಸುತ್ತಾರೆ ಅಂತ ಊರಲ್ಲಿ ಸಾರಿದರು. ನಾನು ಲಿಮೋನ್‌ಗೆ ಹೋಗಿ ನಮ್ಮ ಅರ್ಜಿ ಕೊಟ್ಟು ಬಂದೆ. ಲೀಸ್ಬೆತ್ ನನ್ನನ್ನು ಬಸ್ಸು ಹತ್ತಿಸಿ, ದಾರಿಗೆ ಅಂತ ಬ್ರೆಡ್ಡು ಕಟ್ಟಿಕೊಟ್ಟಳು.

ಅಧಿಕಾರಿ ಬಂದದ್ದು ಒಣ ಹವೆಯ ಒಂದು ಬೆಳಿಗ್ಗೆ. ರಾಜಧಾನಿ ಕಡೆಯವನು, ಮರಳಿನಲ್ಲೂ ಬೂಟು ಹಾಕಿದವನು, ಬಹಳ ಮರ್ಯಾದಸ್ಥ. ಅಮ್ಮನಿಗೂ ನನಗೂ ದೋನ್ಯಾ, ದೋನ್ಯಾ ಅಂತ ಬಾಗಿ ಬಾಗಿ ಮಾತಾಡಿದ. ಅಮ್ಮ ತನ್ನ ಕುರ್ಚಿಯಲ್ಲಿ ಕೂತಿದ್ದಳು. ಸೆಲ್ವಿನ್ ಬೇಲಿಯಿಲ್ಲದ ಅಂಗಳದ ಅಂಚಿನಲ್ಲಿ ಬಲೆ ಹೊಲಿಯುತ್ತ ಕಿವಿ ಈ ಕಡೆ ಇಟ್ಟಿದ್ದ. ಮೊದಲು ಮಾತಾಡಿದ್ದು ನಾನು. ಅಜ್ಜ ಬಂದದ್ದು, ಮನೆ ಕಟ್ಟಿದ್ದು, ನಾವೆಲ್ಲ ಹುಟ್ಟಿದ್ದು. ನಮ್ಮ ಹೊಕ್ಕುಳಬಳ್ಳಿಯೆಲ್ಲ ಇಲ್ಲಿದೆ, ಪ್ರತಿಯೊಂದರ ಮೇಲೂ ಒಂದು ತೆಂಗು ಇತ್ತು ಅಂದೆ.

"ಎಲ್ಲಿವೆ ದೋನ್ಯಾ, ಆ ಮರಗಳು?"

ಒಂದು ಸಿಡಿಲಿಗೆ ಹೋಯಿತು ಅಂದೆ. ಒಂದನ್ನು ಕಡಲು ತೆಗೆದುಕೊಂಡಿತು. ಇನ್ನೊಂದು, ನನ್ನದು, ಅಂತ ಬೆಂಚಿನ ಕಡೆ ಕೈ ತೋರಿಸಿದೆ. ಅವನು ಬೆಂಚನ್ನು ನೋಡಿದ, ನನ್ನನ್ನು ನೋಡಿದ. ನಗಲಿಲ್ಲ. ಅಷ್ಟು ಮರ್ಯಾದಸ್ಥ.

ಆಮೇಲೆ ಅವನು, ಈ ಜಾಗಕ್ಕೆ ಇನ್ನೊಬ್ಬರ ಅರ್ಜಿಯೂ ಇದೆ ಅಂದ.

ಉದ್ದ ಕೋಣೆಯ ಬಾಗಿಲಿನಿಂದ ಲೀಸ್ಬೆತ್ ಬಂದಳು. ಒಗೆದ ಬಿಳಿ ಅಂಗಿ, ಬಿಗಿದು ಕಟ್ಟಿದ ಕೂದಲು, ಕಾಲಲ್ಲಿ ಬೂಟು. ಇಷ್ಟು ವರ್ಷದಲ್ಲಿ ಅವಳ ಕಾಲಲ್ಲಿ ಬೂಟು ಕಂಡದ್ದು ಅಂದೇ ಮೊದಲು. ಹಿಂದೆ ರಾಜಧಾನಿ ಸಾನ್ ಹೋಸೆಯಿಂದ ಬಂದ ವಕೀಲ. ವಕೀಲನೇ ಮಾತಾಡಿದ: ಸಿಮೆಂಟಿನ ಕಟ್ಟಡಗಳು ಯಾರ ಹಣದವು, ವ್ಯವಹಾರ ಯಾರು ನಡೆಸುತ್ತಾರೆ, ಈಕೆ ಎಷ್ಟು ಕಾಲದಿಂದ ಈ ದೇಶದ ಕಾಯಂ ನಿವಾಸಿ. ಲೀಸ್ಬೆತ್ ನನ್ನ ಕಡೆ ನೋಡಲೇ ಇಲ್ಲ. ನೇರ ಅಮ್ಮನ ಕುರ್ಚಿಯ ಹತ್ತಿರ ಹೋಗಿ, ಮೊಣಕಾಲೂರಿ, ಅವಳ ಕೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡಳು.

"ಗ್ರ್ಯಾನಿ, ಈ ಮರ ಯಾರ್ದು ಅಂತ ಇವ್ರಿಗೆ ಹೇಳು."

ಅಂಗಳದಲ್ಲಿ ನಿಂತಿದ್ದದ್ದು ಒಂದೇ ಮರ.

ನಾನು ನಮ್ಮ ಭಾಷೆಯಲ್ಲಿ, ಅಧಿಕಾರಿಗೆ ತಿಳಿಯದ ಹಾಗೆ, ಅಮ್ಮಾ ಬಾಯಿ ತೆರೀಬೇಡ ಅಂದೆ. ಅಧಿಕಾರಿಗೆ ತಿಳಿಯಲಿಲ್ಲ. ಲೀಸ್ಬೆತ್‌ಗೆ ತಿಳಿಯಿತು. ಅವಳು ಅಮ್ಮನ ಕೈಯನ್ನು ಇನ್ನಷ್ಟು ಮೆತ್ತಗೆ ಸವರಿದಳು.

ಅಮ್ಮ ತಲೆಯೆತ್ತಿ ಮರದ ತುದಿಯನ್ನು ನೋಡಿದಳು. ಅವಳಿಗೆ ಅರ್ಥವಾಗಿರಲಿಲ್ಲ ಅಂತ ಊರಲ್ಲಿ ಕೆಲವರು ಅನ್ನುತ್ತಾರೆ. ಸುಳ್ಳು. ಅವಳಿಗೆ ನಮ್ಮೆಲ್ಲರಿಗಿಂತ ಮೊದಲೇ ಅರ್ಥವಾಗಿತ್ತು.

"ಮರಿಮೀನಿಂದು" ಅಂದಳು. "ನಾನೇ ಹೂತಿದ್ದು. ಮರ ಅವಳ್ದು, ನೆರಳಷ್ಟು ನೆಲ ಅವಳ್ದು."

"ನೆರಳು ಎಷ್ಟು ದೂರ ಬೀಳುತ್ತೆ?" ಅಂತ ವಕೀಲ ಕೇಳಿದ.

ಉತ್ತರ ಕೊಟ್ಟದ್ದು ಲೀಸ್ಬೆತ್. "ಬೆಳಿಗ್ಗೆ ಮನೆ ತನಕ. ಸಂಜೆ ಕಡಲ ತನಕ."

ನೆರಳು ಅಳೆಯುವುದು ಸೂರ್ಯ ನೆತ್ತಿಯ ಮೇಲಿದ್ದಾಗ ಅಂದೆ. ನಾಲ್ಕು ಹೆಜ್ಜೆ ಸುತ್ತಳತೆ, ಅಷ್ಟೇ, ಒಬ್ಬ ಮನುಷ್ಯ ಕೂತು ಉಣ್ಣುವಷ್ಟು ಅಂದೆ. ಹಾಗಂತ ಪದ್ಧತಿಯಲ್ಲಿ ಎಲ್ಲಿ ಹೇಳಿದೆ ಅಂತ ಅಧಿಕಾರಿ ವಿನಯದಿಂದಲೇ ಕೇಳಿದ. ಎಲ್ಲೂ ಹೇಳಿರಲಿಲ್ಲ. ಬೆಳಗಿನ ನೆರಳನ್ನು ಅಳೆಯುವಷ್ಟು ನಾಚಿಕೆಗೆಟ್ಟವರು ನಮ್ಮಲ್ಲಿ ಅದುವರೆಗೆ ಹುಟ್ಟಿರಲಿಲ್ಲ, ಹಾಗಾಗಿ ಯಾರೂ ಹೇಳಬೇಕಾಗಿ ಬಂದಿರಲಿಲ್ಲ.

ಅಧಿಕಾರಿ ಹೋದ ಮೇಲೆ ನಾನು ಅಮ್ಮನ ಮೇಲೆ ಹರಿಹಾಯ್ದೆ. ಒಂದು ಸುಳ್ಳು, ಒಂದೇ ಒಂದು, ನನಗೆ ನೆನಪಿಲ್ಲ ಅಂದಿದ್ದರೆ ಸಾಕಿತ್ತಲ್ಲ ಅಂತ ಕೂಗಾಡಿದೆ. ಅವಳು ಕೂಗು ಮುಗಿಯುವ ತನಕ ಕಾದಳು.

"ನಿನ್ನ ಬಳ್ಳಿ ಹೂತಿದ್ದೂ ನಾನೇ. ಆ ಮಗೂದು ಸುಳ್ಳು ಅಂದ್ರೆ ನಿಂದೂ ಸುಳ್ಳಾಗುತ್ತೆ. ಈ ಊರಲ್ಲಿ ಎಲ್ಲರದ್ದೂ."

ಲೀಸ್ಬೆತ್‌ಗೆ ಇದೂ ಗೊತ್ತಿತ್ತು, ಮಿಸ್ ಎಡ್ಲಿನ್ ಸುಳ್ಳು ಹೇಳಲಾರಳು ಅಂತ. ಸಿಮೆಂಟು ಅವಳ ಕಡೆಗಿತ್ತು, ವಕೀಲ ಅವಳ ಕಡೆಗಿದ್ದ, ಕಾನೂನೂ ಅವಳ ಮಾತಿಗೇ ತಲೆದೂಗುತ್ತಿತ್ತು. ಅದೆಲ್ಲ ಇಟ್ಟುಕೊಂಡೂ ಕೊನೆಗೆ ಅವಳು ನಮ್ಮನ್ನು ಹೊಡೆಯಲು ಎತ್ತಿಕೊಂಡದ್ದು ನಮ್ಮ ಸತ್ಯವನ್ನೇ. ಬೇರೆ ಆಯುಧ ಸಾಲದೆ ಅಲ್ಲ. ಅದು ಅಗ್ಗವಾಗಿ ಸಿಕ್ಕಿತು, ಅದಕ್ಕೆ. ಎಲ್ಲಕ್ಕಿಂತ ಅಗ್ಗದ್ದನ್ನು ಹುಡುಕಿಕೊಂಡೇ ಅಲ್ಲವೇ ಅವರು ಬಸ್ಸು ಇಳಿಯುವುದು.

ತೀರ್ಮಾನ ಅವಳ ಪರವಾಗಿ ಬಂತು. ನಾವು ರಸ್ತೆಯಾಚೆ, ಕಡಲು ಕಾಣದ ಕಡೆ, ತೀರಿಕೊಂಡ ಚಿಕ್ಕಮ್ಮ ಯೂಲಾಳ ಖಾಲಿ ಮನೆಗೆ ಸಾಮಾನು ಸಾಗಿಸಿದೆವು. ಸೆಲ್ವಿನ್ ಒಲೆಯ ಕಲ್ಲುಗಳನ್ನೂ ಬಿಡಲಿಲ್ಲ, ಹೊತ್ತು ತಂದ. ಕೊನೆಯ ಕಲ್ಲು ಇಳಿಸಿ ಬೆವರು ಒರೆಸಿಕೊಳ್ಳುತ್ತ ಅಂದ:

"ಏಡಿ ಖಾಲಿ ಚಿಪ್ಪು ನೋಡಿ ಸೇರ್ಕೊಳ್ಳುತ್ತೆ ಅಂದ್ಕೊಂಡಿದ್ವಿ. ನಾವಿನ್ನೂ ಒಳಗೇ ಇದ್ವಲ್ಲೇ ಸಿಲ್ಡಾ."

ಅಂಗಳದ ಸುತ್ತ ಬಿದಿರ ಬೇಲಿ ಎದ್ದಿತು. ಕಣ್ಣಿಗೆ ಚಂದದ ಬೇಲಿ, ಸಂದಿಗೊಂದು ದಾಸವಾಳ. ಬಾಗಿಲಿಗೆ ಹೊಸ ಫಲಕ, ಅದರ ಮೇಲೆ ಆಳೆತ್ತರದ ಅಮ್ಮನ ಮುಖ. ಅಮ್ಮ ಅಂಗಡಿಗೆ ಹೋಗುವಾಗ ತನ್ನದೇ ಮುಖದ ಮುಂದೆ ಹಾದು ಹೋಗಬೇಕು. ಬೆನ್ನುಚೀಲದವರು ಒಮ್ಮೆ ಫಲಕವನ್ನು ನೋಡಿ, ಒಮ್ಮೆ ಅವಳನ್ನು ನೋಡಿ, ಕುಣಿದಾಡಿಕೊಂಡು ಪಕ್ಕದಲ್ಲಿ ನಿಂತು ಫೋಟೋ ಕೇಳುತ್ತಿದ್ದರು.

ಬೇಲಿ ಎದ್ದ ಮೇಲೆ ಲೀಸ್ಬೆತ್ ಒಮ್ಮೆ ನಮ್ಮ ಮನೆಗೆ ಬಂದಳು. ಕೈಯಲ್ಲಿ ಪಪ್ಪಾಯಿ. ನಾನು ಬಾಗಿಲಲ್ಲೇ ನಿಂತೆ. ಓಕೆ ಅಂದಳು. ನಾನು ತಿರುಗಿ ಓಕೆ ಅನ್ನಲಿಲ್ಲ. ನಮ್ಮೂರಲ್ಲಿ ಅದಕ್ಕಿಂತ ಕೆಟ್ಟ ಬೈಗುಳವಿಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತು. ಅವಳ ಮುಖ ಕೆಂಪಾಯಿತು.

"ನಾನು ತಗೊಳ್ದೇ ಇದ್ದಿದ್ರೆ ದೊಡ್ಡ ಹೋಟೆಲ್ನೋರು ತಗೋತಿದ್ರು ಸಿಲ್ಡಾ. ನಾನು ಉಳಿಸಿದೀನಿ."

"ಯಾರಿಗೆ?"

ನಿಮ್ಮನ್ನು ಯಾರೂ ಹೊರಗೆ ಹಾಕಿಲ್ಲ, ಭಾನುವಾರ ಬಂದು ಅಡುಗೆ ಮಾಡಿ, ಜನ ಬರುವುದೇ ನಿಮ್ಮ ಕೈರುಚಿಗೆ ಅಂದಳು. ಗ್ರ್ಯಾನಿಯ ಕುರ್ಚಿ ಅಲ್ಲೇ ಇಟ್ಟಿರುತ್ತೇನೆ ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ನಿಜವಾದ ನೀರೇ. ನನಗೆ ಅವಳ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಆ ನೀರು ಕಂಡೇ. ಕಳ್ಳ ಕದ್ದು ಓಡಿಹೋದರೆ ಮರೆಯಬಹುದು. ಕದ್ದವನೇ ಬಂದು ಊಟಕ್ಕೆ ಕರೆದರೆ ಏನು ಮಾಡುವುದು?

ನಾನು ಮಚ್ಚು ಮಸೆಯಲು ಶುರು ಮಾಡಿದೆ. ಆ ಒಂದು ಮರ ಬಿದ್ದರೆ ನೆಲ ವಾಪಸು ಬರುವುದಿಲ್ಲ, ಗೊತ್ತಿತ್ತು. ಆದರೆ ನಮ್ಮ ಮಾತನ್ನು ಸಾಕ್ಷಿಯಾಗಿ ನಿಲ್ಲಿಸಿ ನಮ್ಮನ್ನೇ ಕೊಂದ ಆ ಮರ ಪ್ರತಿ ಬೆಳಿಗ್ಗೆ ಬೇಲಿಯ ಮೇಲಿಂದ ತಲೆಯಾಡಿಸುವುದನ್ನು ನೋಡಿಕೊಂಡು ಬದುಕುವುದು ನನ್ನಿಂದ ಆಗುತ್ತಿರಲಿಲ್ಲ. ಅಮ್ಮ ಬಿಡಲಿಲ್ಲ. ಮರ ಮಗುವಿನದು, ಮಗು ಏನು ಮಾಡಿತು ಅಂದಳು. ಕೊನೆಗೆ ನಾನು ಹಟ ಹಿಡಿದಾಗ ಪದ್ಧತಿಯನ್ನೇ ನೆನಪಿಸಿದಳು.

"ಹೊಂಬಾಳೆ ಬಿಟ್ಟಿದೆ, ಕಂಡೆಯಾ? ಮೊದಲ ಎಳನೀರು ನನಗೆ ಬರಬೇಕು. ಬರದೇ ಹೋದ್ರೆ ಅದು ಬರೀ ಮರ. ಆಗ ಕಡಿ. ಬೇಕಾದ್ರೆ ಮರ ನಾನೇ ಹಿಡ್ಕೋತೀನಿ."

ನಾನು ಕಾದೆ. ಕಾಯಿ ದುಂಡಗಾಗುವುದನ್ನು ರಸ್ತೆಯಾಚೆಯಿಂದ ನೋಡುತ್ತ ಕಾದೆ. ಲೀಸ್ಬೆತ್ ಕೊಡುವುದಿಲ್ಲ ಅಂತ ನನಗೆ ಖಾತರಿಯಿತ್ತು. ಕೊಡದಿರಲಿ ದೇವರೇ ಅಂತ ಬೇಡಿಕೊಂಡೆ ಕೂಡ.

ಒಂದು ಬೆಳಿಗ್ಗೆ ಸೆಲ್ವಿನ್ ಬಂದು, ಮರದಿಂದ ಗೊನೆ ಇಳಿಸಿದ್ದಾರೆ ಅಂದ. ಬೇಲಿ ಬಾಗಿಲಲ್ಲಿ ಐಸಿನ ಪೆಟ್ಟಿಗೆ ಇಟ್ಟು, ಎಳನೀರಿಗೆ ಕಾಗದದ ಕೊಳವೆ ಚುಚ್ಚಿ, ಬೆನ್ನುಚೀಲದವರಿಗೆ ಮಾರುತ್ತಿದ್ದಾರೆ ಅಂದ. ಅವನ ಮಾತಲ್ಲಿ ತಮಾಷೆಯಿರಲಿಲ್ಲ. ನಾನು ಅಮ್ಮನ ಮುಖ ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡು, ಆಮೇಲೆ ಹೂಂ ಅಂತ ತಲೆಯಾಡಿಸಿದಳು. ನಾನು ಮಚ್ಚು ತೆಗೆದುಕೊಂಡೆ.

ರಸ್ತೆ ದಾಟುವ ಮೊದಲೇ ಬೇಲಿಯ ಬುಡದ ಸಂದಿಯಿಂದ ಕೋರಲ್ ನುಸುಳಿ ಬಂದಳು. ಬಿಸಿಲಿಗೆ ಬೆಳ್ಳಗಾದ ಕೂದಲಿನ ಸಣಕಲು ಹುಡುಗಿ. ಹೊಟ್ಟೆಗೆ ಒಂದು ಎಳನೀರು ಒತ್ತಿಕೊಂಡಿದ್ದಳು. ಮೊಣಕೈ ತರಚಿ ರಕ್ತ ಬಂದಿತ್ತು. ನನ್ನ ಕೈಯ ಮಚ್ಚು ನೋಡಿ ಮುಖ ಅರಳಿಸಿದಳು.

"ಓಕೆ ಆಂಟಿ. ಒಳ್ಳೇದಾಯ್ತು, ಕೆತ್ತೋಕೆ ಮಚ್ಚು ಬೇಕಿತ್ತು. ಗ್ರ್ಯಾನಿ ಎಲ್ಲಿ? ಎಲ್ಲದಕ್ಕಿಂತ ಮೊದ್ಲು ಬಿದ್ದಿದ್ದು ಇದೇ, ನಾನು ಆಗ್ಲೇ ಬಚ್ಚಿಟ್ಟಿದ್ದೆ."

ಅವಳಿಗೆ ಪದ್ಧತಿ ಹೇಳಿಕೊಟ್ಟವಳು ಅಮ್ಮ, ಬೇಲಿ ಏಳುವುದಕ್ಕೆ ಎಷ್ಟೋ ಮೊದಲು, ಜೋಲಿಯಲ್ಲಿ ತೂಗುವಾಗ. ನಾನು ಮರ ಕಡಿಯಲು ಹೊರಟಿದ್ದ ಮಚ್ಚಿನಿಂದಲೇ ಆ ಎಳನೀರು ಕೆತ್ತಿದೆ. ಅಮ್ಮ ಮೆಟ್ಟಿಲ ಮೇಲೆ ಕೂತು ಒಂದೇ ಉಸಿರಿಗೆ ಕುಡಿದಳು. ಕುಡಿದು, ಖಾಲಿ ಚಿಪ್ಪನ್ನು ಮಡಿಲಲ್ಲಿ ಇಟ್ಟುಕೊಂಡಳು. ಮರ ಉಳಿಯಿತು. ನಮ್ಮ ಪದ್ಧತಿ ಗೆದ್ದಿತು, ನಾವು ಸೋತೆವು.

ಆದರೆ ಅಮ್ಮ ಮಗುವನ್ನು ಮುದ್ದು ಮಾಡಿ ಕಳಿಸಲಿಲ್ಲ. ಎದುರಿಗೆ ನಿಲ್ಲಿಸಿಕೊಂಡಳು.

"ನೆಲ ಇರೋರು ನೆರೆಯೋರ ಹೆಸರು ತಿಳ್ಕೋಬೇಕು. ಹೇಳು ನನ್ನ ಹಿಂದೆ. ಒಲೆ ಇದ್ದ ಕಡೆ ಎಡ್ಲಿನ್. ನೀರೊಳಗೆ ಆಲ್ರಿಕ್. ನೀಲಿ ಬೆಂಚಿನ ಕೆಳಗೆ ಸಿಲ್ಡಾ."

ಮಗು ಹೇಳಿತು.

"ಸಿಲ್ಡಾಳ ಮಗ. ಹೆಸರಿಡೋಕೆ ಮುಂಚೆ ಹೋದೋನು. ಅವನ ಸಸಿ ಹಿಡೀಲಿಲ್ಲ, ಬಳ್ಳಿ ಅಲ್ಲೇ ಇದೆ. ಬಚ್ಚಲ ಸಿಮೆಂಟಿನ ಕೆಳಗೆ."

ಕೋರಲ್ ತಿರುಗಿ ನನ್ನನ್ನು ನೋಡಿದಳು. ನಾನು ಮಚ್ಚನ್ನು ಲಂಗದ ಅಂಚಿಗೆ ಒರೆಸುತ್ತ ನಿಂತಿದ್ದೆ. ಆ ಬಚ್ಚಲು ಕಟ್ಟುವಾಗ ನಾನು ಜಗಳ ತೆಗೆದಿರಲಿಲ್ಲ. ಜಾಗ ತೋರಿಸಿ, ಇಲ್ಲೇ ನನ್ನ ಮಗುವಿನದು ಇದೆ, ಬೇರೆ ಕಡೆ ಕಟ್ಟೋಣ್ವಾ ಲೀಸ್ಬೆತ್ ಅಂತ ಮೆತ್ತಗೆ ಕೇಳಿದ್ದೆ, ಅಷ್ಟೇ. ಅವಳು ನನ್ನನ್ನು ತಬ್ಬಿಕೊಂಡು, ಪೈಪು ಈಗಾಗಲೇ ಹಾಕಿಯಾಗಿದೆ ಅಂದಿದ್ದಳು.

"ಎಲ್ಲರೂ ಒಳಗೇ ಇದ್ದೀರಲ್ಲ" ಅಂದಳು ಹುಡುಗಿ. "ಮತ್ತೆ ನೀವ್ಯಾಕೆ ಬೇಲಿಯಿಂದ ಹೊರಗಿದ್ದೀರ?"

"ಹೋಗಿ ನಿಮ್ಮಮ್ಮನ್ನ ಕೇಳು" ಅಂದಳು ಅಮ್ಮ.

ಅವಳು ಓಡಿದಳು. ಸಂದಿಯಿಂದಲ್ಲ, ಈ ಸಲ ಮುಂಬಾಗಿಲಿನಿಂದ. ಅದು ಬೆಳಗಿನ ತಿಂಡಿಯ ಹೊತ್ತು. ಉದ್ದನೆಯ ಮೇಜಿನ ಸುತ್ತ ಬೆನ್ನುಚೀಲದವರು ತುಂಬಿದ್ದರು. ಮಗುವಿನ ಗಂಟಲು ದೊಡ್ಡದು, ನಮ್ಮ ಅಂಗಳದಲ್ಲೇ ಬೆಳೆದ ಗಂಟಲು. ಗ್ರ್ಯಾನಿ ಯಾಕೆ ಹೊರಗಿದ್ದಾಳೆ ಅಂತ ಅವಳು ಮೊದಲು ನಮ್ಮ ಭಾಷೆಯಲ್ಲಿ, ಆಮೇಲೆ ಸ್ಪ್ಯಾನಿಷಿನಲ್ಲಿ, ಕೊನೆಗೆ ಮೇಜಿನ ಸುತ್ತ ಇದ್ದವರಿಗೆಲ್ಲ ತಿಳಿಯುವ ಇಂಗ್ಲಿಷಿನಲ್ಲಿ ಕೇಳಿದ್ದು ರಸ್ತೆಯಾಚೆಗೂ ಕೇಳಿಸಿತು. ತಟ್ಟೆ ಚಮಚದ ಸದ್ದು ನಿಂತಿತು.

ನಾವು ಮೂವರೂ ಕಾದೆವು. ಸೆಲ್ವಿನ್ ಬಾಯಲ್ಲಿದ್ದ ಸಿಗರೇಟಿಗೆ ಬೆಂಕಿ ಹಚ್ಚುವುದನ್ನೂ ಮರೆತ.

ಲೀಸ್ಬೆತ್‌ಳ ನಗು ಕೇಳಿಸಿತು, ಇಡೀ ಮುಖದಿಂದ ನಗುವ ಆ ನಗು. ಆಮೇಲೆ ಯಾರೋ ಸಂಗೀತದ ಪೆಟ್ಟಿಗೆಯ ಸದ್ದನ್ನು ಏರಿಸಿದರು. ನಮ್ಮವರದೇ ಹಾಡು, ನಮ್ಮದೇ ತಾಳ. ಅದು ಬೇಲಿಯ ದಾಸವಾಳವನ್ನೆಲ್ಲ ಅದುರಿಸುತ್ತ ರಸ್ತೆಗೆ ಬಂತು. ಆ ಹಾಡಿನ ಅಡಿಯಲ್ಲಿ, ಮಗು ಮತ್ತೆ ಮತ್ತೆ ಅದನ್ನೇ ಕೇಳುತ್ತಿತ್ತು.